ಅಪ್‌ಡೇಟ್: ಅತ್ತೆಯ ಪೆಟ್ ಸ್ಕ್ಯಾನ್ ರಿಪೋರ್ಟ್ ಬಂತು

ಅತ್ತೆಗೆ ಗರ್ಭಕಂಠದ ಕ್ಯಾನ್ಸರ್, ಎಂಆರ್‌ಐ ಆಗಿದೆ, ಅಷ್ಟು ದುಡ್ಡು ಕೊಟ್ಟು ಪೆಟ್-ಸಿಟಿ (ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ನೋಡುವ ಸ್ಕ್ಯಾನ್) ಬೇರೆ ಬೇಕಾ ಅಂತ ಕೇಳಿದ್ದೆ. ಮಾಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಮಾಡಿಸಿದೆವು.

ಎಂಆರ್‌ಐನಲ್ಲಿ ಕಿಬ್ಬೊಟ್ಟೆಯ ಒಂದು ಲಿಂಫ್ ಗ್ರಂಥಿ ಮಾತ್ರ ಅನುಮಾನ ಹುಟ್ಟಿಸಿತ್ತು. ಎಂಆರ್‌ಐನಲ್ಲಿ ಮುಖ್ಯವಾಗಿ ನೋಡುವುದು ಗ್ರಂಥಿಯ ಗಾತ್ರ. ಸಾಮಾನ್ಯವಾಗಿ 10 ಮಿ.ಮೀ. ದಾಟಿದರೆ ಅನುಮಾನ. ಪೆಟ್‌ನಲ್ಲಿ ಗ್ರಂಥಿ ಎಷ್ಟು ಸಕ್ಕರೆ ಹೀರುತ್ತದೆ ಅನ್ನುವುದೂ ಕಾಣುತ್ತದೆ, ಜಾಸ್ತಿ ಹೀರಿದ ಜಾಗ ಹೊಳೆಯುತ್ತದೆ. ಹಾಗಾಗಿ ಮೇಲೆ, ಹೊಟ್ಟೆಯ ಮಹಾಪಧಮನಿಯ ಪಕ್ಕದ ಸಣ್ಣ ಗ್ರಂಥಿಯೂ ಹೊಳೆಯಿತು.

ಹೊಳೆದಿದ್ದೆಲ್ಲ ಕ್ಯಾನ್ಸರ್ ಅಲ್ಲ, ಟಿಬಿ ಇದ್ದರೂ ಹೊಳೆಯುತ್ತದೆ ಅಂದರು ಡಾಕ್ಟರ್. ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ? ಅದಕ್ಕೇ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಕಣಗಳೇ ಸಿಕ್ಕವು. ಪೆಟ್‌ನಲ್ಲಿ ಏನೂ ಕಾಣದಿದ್ದರೂ ತೀರಾ ಸಣ್ಣ ಹರಡುವಿಕೆ ತಪ್ಪಿಹೋಗಬಹುದಂತೆ. ಕೆಲವರಿಗೆ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಗ್ರಂಥಿ ತೆಗೆದು ನೋಡುವುದೂ ಉಂಟು.

ಕ್ಯಾನ್ಸರ್ ಯಾವ ಹಂತದಲ್ಲಿದೆ ಅಂತ ಹೇಳುವ 2018ರ ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿಯ ಪ್ರಕಾರ ಕಿಬ್ಬೊಟ್ಟೆಯ ಗ್ರಂಥಿಗಷ್ಟೇ ಹರಡಿದ್ದರೆ ಹಂತ 3ಸಿ1, ಮಹಾಪಧಮನಿ ಪಕ್ಕದ್ದಕ್ಕೂ ಹೋಗಿದ್ದರೆ 3ಸಿ2. ಅತ್ತೆಯದು ಎರಡನೆಯದು. ಕೇಳಿ ಮನೆಯವರೆಲ್ಲ ಕುಸಿದೆವು. ಆದರೆ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಅಂದಿದ್ದಾರೆ. ರೇಡಿಯೇಶನ್ ಜಾಗವನ್ನು ಮೇಲಿನವರೆಗೂ ವಿಸ್ತರಿಸಿದ್ದಾರೆ. ಸ್ಕ್ಯಾನ್ ಬಿಟ್ಟಿದ್ದರೆ ಆ ಗ್ರಂಥಿ ಹೊರಗೇ ಉಳಿಯುತ್ತಿತ್ತು. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ, ಕೊನೆಗೆ ಬ್ರಾಕಿಥೆರಪಿ, ಅಂದರೆ ದೇಹದ ಒಳಗಿನಿಂದ ಕೊಡುವ ರೇಡಿಯೇಶನ್.

ಮುಂದಿನ ವಾರ ಶುರು. ವಾಕರಿಕೆ, ಭೇದಿ ಜಾಸ್ತಿ ಆಗಬಹುದು ಅಂದಿದ್ದಾರೆ. ಆಗ ಏನು ಊಟ ಹಿಡಿಸಿತು, ಅನುಭವ ಇದ್ದವರು ದಯವಿಟ್ಟು ತಿಳಿಸಿ.