ಅಪ್‌ಡೇಟ್: ಐಸ್ ಸ್ಕೇಟಿಂಗ್ ಶೋ ಟಿಕೆಟ್ ದುಡ್ಡು ವಾಪಸ್ ಬಂತು

ಮ್ಯಾಂಚೆಸ್ಟರ್‌ನಲ್ಲಿ ಮನೆಮಂದಿಯೆಲ್ಲ ಐಸ್ ಸ್ಕೇಟಿಂಗ್ ವೆರೈಟಿ ಶೋಗೆ ಹೋಗಿ, ಕಂಬದ ಹಿಂದೆ ಕೂತು ಅರ್ಧ ರಿಂಕ್ ಕಾಣದೆ ಬಂದೆವು, ದುಡ್ಡು ವಾಪಸ್ ಸಿಗುತ್ತಾ ಅಂತ ಕೇಳಿದ್ದೆನಲ್ಲ? ಸಿಕ್ಕಿತು.

ಆಯೋಜಕರಿಗೆ ಮೇಲ್ ಹಾಕಿ ಅಂದಿರಿ. ಹಾಕಿದೆ, ಮುಂದಿನ ಶೋಗೆ ರಿಯಾಯಿತಿ ಕೂಪನ್ ಕಳಿಸಿದರು! ಅದನ್ನು ಇಟ್ಟುಕೊಂಡು ಏನು ಮಾಡಲಿ?

ಮಾರಿದವರು ಮಾತು ತಪ್ಪಿದರೆ ಕ್ರೆಡಿಟ್ ಕಾರ್ಡ್ ಕಂಪನಿಯಿಂದಲೇ ದುಡ್ಡು ಕೇಳಬಹುದು ಅನ್ನೋ ಸೆಕ್ಷನ್ 75 ಕೂಡ ಕೈಕೊಟ್ಟಿತು. ಬ್ರಿಟನ್ನಿನ 1974ರ ಆ ಕಾನೂನಿನಲ್ಲಿ ಒಂದೊಂದು ಟಿಕೆಟ್ಟಿನ ಬೆಲೆಯೂ 100 ಪೌಂಡ್ ದಾಟಿರಬೇಕಂತೆ, ಒಟ್ಟು ಬಿಲ್ ಎಷ್ಟಾದರೂ ಲೆಕ್ಕಕ್ಕಿಲ್ಲ.

ಕೆಲಸ ಮಾಡಿದ್ದು ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕೊಟ್ಟ ದುಡ್ಡನ್ನು ಮಾರಿದವರಿಂದ ಬ್ಯಾಂಕೇ ವಾಪಸ್ ತರಿಸೋದು. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಬುಕಿಂಗ್ ಮೇಲ್‌ನಲ್ಲಿ 'ಪೂರ್ತಿ ಕಾಣುವ ಸೀಟು' ಅಂತ ಇತ್ತು, ನನ್ನ ಹೆಂಡತಿ ಸಿಟ್ಟಿನಲ್ಲಿ ತೆಗೆದ ಕಂಬದ ಫೋಟೋನೂ ಇತ್ತು, ಎರಡನ್ನೂ ಬ್ಯಾಂಕಿಗೆ ಕೊಟ್ಟೆವು, ಅಷ್ಟೇ. ಇದು ಕಾನೂನೇ ಅಲ್ಲ, ವೀಸಾ, ಮಾಸ್ಟರ್‌ಕಾರ್ಡ್‌ನವರ ನಿಯಮವಂತೆ, ಡೆಬಿಟ್ ಕಾರ್ಡಿಗೂ ನಡೆಯುತ್ತದೆ, ಸಾಮಾನ್ಯವಾಗಿ 120 ದಿನದೊಳಗೆ ಕೇಳಬೇಕು. ಇದು ನನಗೆ ಗೊತ್ತೇ ಇರಲಿಲ್ಲ.

ಸ್ಕೇಟಿಂಗ್ ಕಡಿಮೆ, ಜೋಕುಗಳೇ ಜಾಸ್ತಿ ಅನ್ನೋ ದೂರಿಗೆ ಮಾತ್ರ ಬ್ಯಾಂಕ್ ಸೊಪ್ಪು ಹಾಕಲಿಲ್ಲ. ಶೋ ಬೋರಾದರೆ ದುಡ್ಡು ಕೊಡಲ್ಲ, ಅಲ್ವಾ. ಮಾರಿದವರು ಇನ್ನೂ ತಕರಾರು ಎತ್ತಬಹುದಂತೆ, ಅದಕ್ಕೆ ಮೇಲ್‌ಗಳನ್ನು ಸದ್ಯಕ್ಕೆ ಅಳಿಸಿಲ್ಲ.