ಸಮಸ್ಯೆ: ‘ತಿಂಗಳಲಿ ತಿಂಗಳೇ ಕಾಣದಾಯ್ತು’

ಮೇಷ್ಟ್ರು:
ಗೆಳೆಯರೇ, ಈ ವಾರದ ಸಮಸ್ಯೆ, ಅಂದರೆ ನೀವು ಪದ್ಯವಾಗಿ ಪೂರ್ತಿ ಮಾಡಬೇಕಾದ ಕೊನೆಯ ಸಾಲು, ಇದು. ಮೇಲಿನ ಮೂರು ನಿಮ್ಮವು. ಐದೈದು ಮಾತ್ರೆಯ (ಮಾತ್ರೆ ಅಂದರೆ ಉಚ್ಚಾರಣೆಯ ಕಾಲದ ಅಳತೆ) ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಗ’; ಅದರ ಹಿಂದೆ ಸೊನ್ನೆ (ಂ) ಇರಲೇಬೇಕು. ಒಂದೇ ಪದ ಎರಡು ಸಲ ಬಂದಿದೆ. ಎರಡಕ್ಕೂ ಒಂದೇ ಅರ್ಥ ಹಿಡಿದರೆ ಸಮಸ್ಯೆ ಬಿಡಿಸೋಕಾಗಲ್ಲ.

ಮಳೆಹನಿ:
ನಮ್ಮ ಮಲೆನಾಡಿನ ಮನೆ ನೆನೆದು ಬರೆದೆ.

ಮುಂಗಾರಿನಾಷಾಢ ಮುಸುಕೆಳೆಯೆ ಬಾನಿನಲಿ
ಅಂಗಳವೆ ಕೆರೆಯಾಗಿ ತುಂಬಿ ನಿಂತು
ಕಂಗಳನು ಕಿಟಕಿಗಂಟಿಸಿ ಪುಟ್ಟಿ ಹುಡುಕಿದಳು
ತಿಂಗಳಲಿ ತಿಂಗಳೇ ಕಾಣದಾಯ್ತು

ಮೇಷ್ಟ್ರು:
‘ಕಂಗಳನು ಕಿಟಕಿಗಂಟಿಸಿ’! ಗಾಜಿನ ಮೇಲೆ ಮಗುವಿನ ಮೂಗಿನ ಗುರುತೂ ಕಂಡಂತಾಯ್ತು. ಮಾತ್ರೆ ಎಣಿಸಿದೆ, ಎಲ್ಲೂ ತಪ್ಪಿಲ್ಲ.

ಹೊಸಬ:
ಪದ್ಯ ತುಂಬಾ ಹಿಡಿಸಿತು ಅಕ್ಕಾ. ಆದ್ರೆ ಪುಟ್ಟಿ ಹುಡುಕಿದ್ದು ಚಂದ್ರನನ್ನು ಅಲ್ವಾ? ತಿಂಗಳು ಅಂದ್ರೆ ಮೂವತ್ತು ದಿನ ಅಂತಷ್ಟೇ ನನಗೆ ಗೊತ್ತು.

ಮೇಷ್ಟ್ರು:
ಒಳ್ಳೆ ಪ್ರಶ್ನೆ ಕೇಳಿದಿರಿ. ಹಳಗನ್ನಡದಲ್ಲಿ ‘ತಿಂಗಳ್’ ಅಂದರೆ ಚಂದ್ರನೇ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29 ದಿನ, 12 ಗಂಟೆ, 44 ನಿಮಿಷ. ಆ ಒಂದು ಸುತ್ತಿಗೂ ಅವನ ಹೆಸರೇ ನಿಂತಿತು. ತಮಿಳಿನಲ್ಲಿ ‘ತಿಂಗಳ್’ ಅಂದರೆ ಇವತ್ತಿಗೂ ಚಂದ್ರ, ತಿಂಗಳು, ಸೋಮವಾರ ಮೂರೂ ಹೌದು. ಸಂಸ್ಕೃತದ ‘ಮಾಸ’ ಕೂಡ ಹಾಗೇ, ಚಂದ್ರನಿಂದಲೇ ಬಂದದ್ದು.

ನನಗೆ ಜಾಸ್ತಿ ಇಷ್ಟವಾದ ಪದ ಮಾತ್ರ ಬೆಳದಿಂಗಳು. ಒಡೆದು ನೋಡಿ: ಬೆಳ್ + ತಿಂಗಳ್. ‘ಬೆಳ್’ ಅಂದರೆ ಬಿಳಿ. ಸಂಧಿಯಲ್ಲಿ ತಕಾರ ದಕಾರವಾಯಿತು, ಅಷ್ಟೇ. ಬೆಳದಿಂಗಳಿಗೆ ಪಕ್ಕದ ತೆಲುಗಿನವರು ಹೇಳುವ ‘ವೆನ್ನೆಲ’ದಲ್ಲೂ ಇದೇ ಕಟ್ಟು. ಅಲ್ಲಿ ‘ನೆಲ’ ಅಂದರೆ ಚಂದ್ರ, ತಿಂಗಳು ಎರಡೂ. ನಾವು ಚಂದ್ರನ ಅರ್ಥವನ್ನು ಮರೆತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ‘ಬೆಳದಿಂಗಳ ಊಟ’ ಅಂದಾಗಲೆಲ್ಲ ಅವನನ್ನೇ ಕರೆಯುತ್ತಿರುತ್ತೇವೆ.

ನೀವೂ ಒಂದು ಪ್ರಯತ್ನ ಮಾಡಿ.

ಹೊಸಬ:
ಒಂದು ಗಂಟೆ ಬೆರಳು ಮಡಿಸಿ ಮಾತ್ರೆ ಎಣಿಸಿದೆ, ಮೇಷ್ಟ್ರೇ. ತಪ್ಪಿದ್ದರೆ ತಿದ್ದಿ.

ಕಂಗಳಿಗೆ ಕಂಡವನ ಹೆಸರಾಗಿ ಬಂದ ನುಡಿ
ಸಂಗಡವೆ ದಿನವೆಣಿಸಿ ಲೆಕ್ಕವಾಯ್ತು
ಅಂಗಡಿಯ ಹಾಳೆಯೊಳು ಮೂವತ್ತು ಮನೆಯಾಗಿ
ತಿಂಗಳಲಿ ತಿಂಗಳೇ ಕಾಣದಾಯ್ತು

ಮೇಷ್ಟ್ರು:
ತಿದ್ದೋಕೆ ಏನೂ ಇಲ್ಲಪ್ಪ. ‘ಮೂವತ್ತು ಮನೆ’ ಅಂದಾಗ ಕ್ಯಾಲೆಂಡರ್ ಕಣ್ಣಿಗೆ ಕಟ್ಟಿತು. ಪದದ ಕತೆಯೇ ಸಮಸ್ಯೆಗೆ ಉತ್ತರವಾಯಿತು.

ಮಳೆಹನಿ:
ಸೊಗಸಾಗಿದೆ ತಮ್ಮಾ! ಆದರೂ ಪೂರ್ತಿ ಕಾಣದಾಯ್ತು ಅನ್ನಬೇಡ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆಯ ಮನೆಗೆ ಒಂದು ಬಿಳಿ ಸೊನ್ನೆ, ಅಮಾವಾಸ್ಯೆಗೆ ಕಪ್ಪು ಸೊನ್ನೆ ಇದೆ. ಅದರ ಪಕ್ಕದಲ್ಲೇ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರೆ.