ಅಪ್‌ಡೇಟ್: ಜಪಾನಿನಲ್ಲಿ ಅಪ್ಪ ಅಮ್ಮನ ಸಸ್ಯಾಹಾರಿ ಊಟ

ಅಪ್ಪ ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ, ಜಪಾನಿಗೆ ಕರೆದುಕೊಂಡು ಹೋದರೆ ಊಟಕ್ಕೇನು ಮಾಡೋದು ಅಂತ ಕೇಳಿದ್ದೆ ಅಲ್ವಾ. ಹೋಗಿ ಬಂದೆವು, ಇಬ್ಬರೂ ಹೊಟ್ಟೆ ತುಂಬಾ ಉಂಡರು.

ಸುಮ್ನೆ ವೆಜಿಟೇರಿಯನ್ ಅಂದರೆ ಸಾಕು ಅಂತ ಕೆಲವರು ಹೇಳಿದ್ದರು, ಅದು ನಡೆಯಲಿಲ್ಲ. ಮಾಂಸ ತೆಗೆದು ಕೊಡುತ್ತಾರೆ, ಆದರೆ ಉಡೊನ್ ಅನ್ನೋ ದಪ್ಪ ನೂಡಲ್ಸ್‌ನ ಸಾರಿನಲ್ಲಿ ದಾಶಿ ಅನ್ನೋ ಕುದಿಸಿ ತೆಗೆದ ರಸ ಇರುತ್ತದೆ, ಅದನ್ನು ಹೆಚ್ಚಾಗಿ ಮಾಡೋದು ಒಣಗಿಸಿದ ಬೊನಿಟೊ ಮೀನಿನ ತೆಳು ಚೂರುಗಳಿಂದಲೇ. ಕೆಲಸಕ್ಕೆ ಬಂದಿದ್ದು ಜಪಾನಿಯಲ್ಲಿ ಬರೆದ ಚೀಟಿ: ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ ಅಂತ. ಈ ಐಡಿಯಾ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಹೋಟೆಲಿನವರು ಪೂರ್ತಿ ಓದಿ, ಆಗದಿದ್ದರೆ ಆಗಲ್ಲ ಅಂತ ಮರ್ಯಾದೆಯಿಂದ ಹೇಳುತ್ತಿದ್ದರು.

ಹೊಸದಾಗಿ ಗೊತ್ತಾಗಿದ್ದು ಕೋಯಾಸಾನ್. ಆ ಬೆಟ್ಟದ ಬೌದ್ಧ ದೇವಸ್ಥಾನಗಳಲ್ಲೇ ರಾತ್ರಿ ಉಳಿಯಬಹುದು. ಊಟ ಶೋಜಿನ್ ರ್ಯೋರಿ, ಅಂದರೆ ಬೌದ್ಧ ಸನ್ಯಾಸಿಗಳ ಸಸ್ಯಾಹಾರಿ ಅಡುಗೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ದಾಶಿ ಕೂಡ ಕೊಂಬು ಅನ್ನೋ ಕಡಲಕಳೆಯದ್ದು. ಪುಟ್ಟ ಕೆಂಪು ಬಟ್ಟಲಲ್ಲಿ ಎಳ್ಳಿನ ತೋಫು ಬಂತು, ಹಾಲುಬಾಯಿ ಥರ ನುಣ್ಣಗೆ. ಅಮ್ಮ ಇನ್ನೊಂದು ಕೇಳಿದರು!

ರೆಡಿ ಉಪ್ಪಿಟ್ಟು ಪ್ಯಾಕೆಟ್ ಒಯ್ಯಿರಿ ಅನ್ನೋ ಸಲಹೆಯೂ ಬೆಳಗಿನ ತಿಂಡಿಗೆ ಉಪಯೋಗಕ್ಕೆ ಬಂತು. ಆದರೆ ಹಸಿ ಕರಿಬೇವು, ಹಣ್ಣು ಇಟ್ಟುಕೊಳ್ಳಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ.